ಹೆಣ್ಣುಮಕ್ಕಳ ಓದಿಗೆ ಸೌರದೀಪ

ಗ್ರಾಮೀಣ ಬಾಲಕಿಯ ದುಡಿಮೆ ಶಾಲೆಯ ಗಂಟೆಯೊಡನೆ ಮುಗಿಯುವುದಿಲ್ಲ. ನೀರು ತರುವುದು, ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಅಡುಗೆಗೆ ನೆರವಾಗುವುದು ಮುಂತಾದ ಕೆಲಸಗಳು ಮನೆಯಲ್ಲಿ ಕಾದಿರುತ್ತವೆ. ರೇಷ್ಮೆ ಸೀರೆಗಳಿಗೆ ಹೆಸರಾದ ವಾರಾಣಸಿಯ ಸುತ್ತಲಿನ ನೇಕಾರರ ಮನೆಗಳಲ್ಲಿ ನೂಲು ಸುತ್ತುವ ಕೆಲಸವೂ ಇವುಗಳೊಡನೆ ಸೇರುತ್ತದೆ. ಪುಸ್ತಕ ಹಿಡಿಯಲು ಅವಳಿಗೆ ಬಿಡುವು ದೊರೆಯುವುದು ಕತ್ತಲಾದ ಮೇಲೆಯೇ. ಆದ್ದರಿಂದ ರಾತ್ರಿಯ ಬೆಳಕು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ವಿಷಯವೂ ಹೌದು.

2011ರ ಜನಗಣತಿಯ ಪ್ರಕಾರ, ಉತ್ತರ ಪ್ರದೇಶದ ಗ್ರಾಮೀಣ ಕುಟುಂಬಗಳಲ್ಲಿ ಬೆಳಕಿಗಾಗಿ ವಿದ್ಯುತ್ತನ್ನು ಬಳಸುತ್ತಿದ್ದವು ಕಾಲುಭಾಗಕ್ಕಿಂತ ಕಡಿಮೆ. ಉಳಿದ ಬಹುತೇಕ ಮನೆಗಳಿಗೆ ಸೀಮೆಎಣ್ಣೆಯ ದೀಪವೇ ಗತಿಯಾಗಿತ್ತು. ಅದರ ಬೆಳಕು ಮಂದ. ಹೊಗೆಯು ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿಕರ.

ಈ ಕೊರತೆಯನ್ನು ನೀಗಲು ಕೇಂದ್ರ ಸರ್ಕಾರವು 2016-17ನೆಯ ಸಾಲಿನಲ್ಲಿ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಹಯೋಗದೊಡನೆ 70 ಲಕ್ಷ ಸೌರ ಅಧ್ಯಯನ ದೀಪಗಳ ಯೋಜನೆಯನ್ನು ಕೈಗೊಂಡಿತು. ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾ ಮತ್ತು ಅಸ್ಸಾಂ ರಾಜ್ಯಗಳನ್ನು ಇದಕ್ಕೆ ಆರಿಸಲಾಯಿತು. ವಿದ್ಯಾರ್ಥಿಯು ಆಗ ನೀಡಬೇಕಾಗಿದ್ದುದು 100 ರೂಪಾಯಿ ಮಾತ್ರ. ದೀಪಗಳ ಜೋಡಣೆ, ಮಾರಾಟ ಹಾಗೂ ದುರಸ್ತಿಯಲ್ಲಿ ಗ್ರಾಮೀಣ ಮಹಿಳೆಯರಿಗೆ ತರಬೇತಿ ನೀಡಿದುದು ಯೋಜನೆಯ ವೈಶಿಷ್ಟ್ಯ.

ಸೌರದೀಪದ ರಚನೆ ಸರಳ. ಫಲಕದಲ್ಲಿರುವ ಸಿಲಿಕಾನ್ ಕೋಶಗಳು ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಹಗಲಿನಲ್ಲಿ ಬ್ಯಾಟರಿಯಲ್ಲಿ ಸಂಗ್ರಹವಾದ ಈ ವಿದ್ಯುತ್ತಿನಿಂದ ರಾತ್ರಿ ಎಲ್‌ಇಡಿ ದೀಪ ಉರಿಯುತ್ತದೆ. ಫಲಕವನ್ನು ನೆರಳಿಲ್ಲದೆಡೆ ದಕ್ಷಿಣಕ್ಕೆ ಮುಖಮಾಡಿ, ಓರೆಯಾಗಿ ಇರಿಸಬೇಕು. ಧೂಳನ್ನು ಆಗಾಗ ಒರೆಸಬೇಕು. ವಾರಾಣಸಿಯಲ್ಲಿ ಡಿಸೆಂಬರ್-ಜನವರಿಯ ದಟ್ಟ ಮಂಜಿನಿಂದಾಗಿ ಬ್ಯಾಟರಿ ಪೂರ್ಣವಾಗಿ ತುಂಬದಿರಬಹುದು. ಪರೀಕ್ಷೆಗಳು ಸಮೀಪಿಸುವ ಕಾಲವೂ ಅದೇ ಆದುದರಿಂದ ಆಗ ದೀಪವನ್ನು ಓದಿಗಾಗಿಯೇ ಮೀಸಲಿಡುವುದು ಒಳ್ಳೆಯದು.

2017ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆಯಿಂದ ಗ್ರಾಮಗಳ ಮನೆಮನೆಗೆ ವಿದ್ಯುತ್ ಸಂಪರ್ಕ ವಿಸ್ತರಿಸಿದೆ. ಆದರೂ ಸಂಜೆ ವಿದ್ಯುತ್ ಕಡಿತವಾದಾಗ ಓದು ನಿಲ್ಲದಂತೆ ಕಾಯುವುದು ಈ ಪುಟ್ಟ ದೀಪವೇ.

ಆದರೆ ದೀಪವೊಂದರಿಂದಲೇ ಓದು ಸಾಗದು. ಮನೆಯಲ್ಲಿ ಒಂದೇ ದೀಪವಿದ್ದರೆ ಅದು ಅಡುಗೆಮನೆಗೋ ಗಂಡುಮಕ್ಕಳ ಪಾಲಿಗೋ ಹೋಗುವ ಸಂಭವವುಂಟು. ರಾತ್ರಿ ಎರಡು ಗಂಟೆಗಳ ಕಾಲವಾದರೂ ದೀಪ ಮಗಳ ಓದಿಗೆ ದೊರೆಯಲಿ. ಆ ಹೊತ್ತಿನ ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳಲಿ. ಸೂರ್ಯನು ನೀಡುವ ಬೆಳಕಿಗೆ ತಂದೆತಾಯಿಯರು ನೀಡುವ ಬಿಡುವೂ ಸೇರಿದಾಗಲೇ ಹೆಣ್ಣುಮಗಳ ಓದು ಮುಂದುವರಿದೀತು.