ಕುದುರೆ ಏರುವ ಕಾಲಿಗೆ ಎಂಥ ಬೂಟು?

ರಜೆ ಬಂತೆಂದರೆ ನಮ್ಮ ಕುಟುಂಬಗಳು ಹೊರಡುವ ಊರುಗಳು ಹೆಚ್ಚುಕಡಿಮೆ ಗೊತ್ತಿದ್ದವೇ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯವರಿಗೆ ಮಹಾಬಳೇಶ್ವರ, ಪಂಚಗಣಿ, ಮಾಥೇರಾನ. ಹೊಸೂರು, ತಾಳವಾಡಿ ಕಡೆಯವರಿಗೆ ಊಟಿ. ಎಲ್ಲಿ ಹೋದರೂ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಕುದುರೆ. ಈಚೆಗೆ ಮಕ್ಕಳನ್ನು ಸವಾರಿ ಕಲಿಯಲು ಕಳಿಸುವ ಮನೆಗಳೂ ಇವೆ. ಮದುವೆ ಮೆರವಣಿಗೆಯಲ್ಲಿ ಮದುಮಗ ಕುದುರೆ ಏರುವುದಂತೂ ಅನೇಕ ಕಡೆ ಇದ್ದೇ ಇದೆ. ಪೇಟಕ್ಕೆ, ಶೇರವಾನಿಗೆ ನಾಲ್ಕು ಅಂಗಡಿ ಅಲೆಯುವ ನಾವು ರಿಕಾಬಿನಲ್ಲಿ ಇಡುವ ಕಾಲಿಗೆ ಏನು ತೊಡಿಸಿದ್ದೇವೆಂದು ನೋಡುವುದು ಮಾತ್ರ ಅಪರೂಪ.

ಕುದುರೆಯಿಂದ ಬಿದ್ದರೆ ಪೆಟ್ಟಾಗುತ್ತದೆ, ನಿಜ. ಅದಕ್ಕಿಂತ ಘೋರವಾದದ್ದು ಬಿದ್ದ ಮೇಲೂ ಕಾಲು ರಿಕಾಬಿನಲ್ಲೇ ಸಿಕ್ಕಿಕೊಳ್ಳುವುದು. ಬೆದರಿದ ಕುದುರೆ ಸವಾರನನ್ನು ನೆಲದ ಮೇಲೆ ಎಳೆದುಕೊಂಡೇ ಓಡುತ್ತದೆ. ಸವಾರಿಯ ಬೂಟಿಗೆ ಸುಮಾರು ಒಂದು ಇಂಚಿನ ಹೀಲು ಇಟ್ಟಿರುವುದು ಅಂದಕ್ಕಲ್ಲ. ಪಾದ ಮುಂದಕ್ಕೆ ಜಾರಿ ರಿಕಾಬಿನೊಳಗೆ ಪೂರ್ತಿ ತೂರಿಹೋಗದಂತೆ ತಡೆಯಲಿಕ್ಕೆ. ಹೀಲಿಲ್ಲದ ಕ್ಯಾನ್ವಾಸ್ ಬೂಟು, ಆಟದ ಬೂಟು, ಚಪ್ಪಲಿ ಇವು ಯಾವುವೂ ಈ ಕೆಲಸ ಮಾಡವು. ಹಾಗೆಂದು ಹೆಣ್ಣುಮಕ್ಕಳ ಎತ್ತರದ ಚೂಪು ಹೀಲೂ ಸಲ್ಲದು.

ಎರಡನೆಯದು ಅಟ್ಟೆ. ಬೆಟ್ಟ ಹತ್ತುವ ಬೂಟು ಗಟ್ಟಿಮುಟ್ಟಾಗಿದೆ, ಅದೇ ಸಾಕು ಎನ್ನುವವರಿದ್ದಾರೆ. ಅದರ ಆಳವಾದ ಗೀರುಗಳು ರಿಕಾಬಿನ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತವೆ. ಬೀಳುವಾಗ ಕಾಲು ಸರಕ್ಕನೆ ಹೊರಬರಬೇಕು, ಬರುವುದಿಲ್ಲ. ಅಟ್ಟೆ ಬಹುಮಟ್ಟಿಗೆ ನುಣುಪಾಗಿ, ಹಿಮ್ಮಡಿಯಿಂದ ತುದಿಯವರೆಗೆ ಒಂದೇ ತುಂಡಿನಂತಿರಬೇಕು. ಮಳೆಗಾಲದ ಗಮ್‌ಬೂಟು ಅಗಲವಾಗಿ, ಒಳಗೆ ಸಡಿಲವಾಗಿ ಇರುವುದರಿಂದ ಅದೂ ಬೇಡ. ಬೂಟು ಕಾಲಿನ ಹರಡನ್ನು ಮುಚ್ಚಬೇಕು. ಲೇಸು ಇದ್ದರೆ ಕುಣಿಕೆಗಳನ್ನು ಒಳಗೆ ಸಿಕ್ಕಿಸಬೇಕು. ಜಿಪ್ಪು ಅಥವಾ ಪಕ್ಕದಲ್ಲಿ ಎಲಾಸ್ಟಿಕ್ ಇರುವ ಮೋಟು ಬೂಟು ಇನ್ನೂ ನಿಶ್ಚಿಂತೆ. ಇದಕ್ಕೆ ಪೇಟೆಯಲ್ಲಿ ಜೋಧಪುರ ಬೂಟು ಎಂಬ ಹೆಸರಿದೆ. ನಮ್ಮ ದೇಶದ ಊರಿನ ಹೆಸರು ಹೊತ್ತ ಬೂಟು ಇಂಗ್ಲೆಂಡಿನವರ ಕಾಲಲ್ಲೂ ಇದೆ ಎಂಬುದು ಸಂತೋಷದ ಮಾತೇ!

ಈಗ ನಮ್ಮ ಮನೆಗಳ ಮುಖ್ಯ ಪ್ರಶ್ನೆ: ಚರ್ಮ. ಸವಾರಿಯ ಬೂಟೆಂದರೆ ಚರ್ಮದ್ದೇ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಕಿಲ್ಲ. ಕೃತಕ ಚರ್ಮದ, ಗಟ್ಟಿ ಬಟ್ಟೆಯ ಸವಾರಿ ಬೂಟುಗಳು ದೊರೆಯುತ್ತವೆ. ಮೇಲೆ ಹೇಳಿದ ಗುಣಗಳಿಗೂ ಚರ್ಮಕ್ಕೂ ಸಂಬಂಧವಿಲ್ಲ. ಆದರೆ ಮೇಲ್ಭಾಗ ರೆಕ್ಸಿನ್ ಆದ ಮಾತ್ರಕ್ಕೆ ಒಳಗಿನ ಅಸ್ತರು, ಪಾದದಡಿಯ ಹಾಳೆ ಚರ್ಮದ್ದಲ್ಲವೆಂದು ನಂಬಬಾರದು. ಯುರೋಪಿನಲ್ಲಿ 1994ರ ನಿಯಮದ ಪ್ರಕಾರ ಬೂಟಿನ ಮೇಲ್ಭಾಗ, ಅಸ್ತರು, ಹೊರ ಅಟ್ಟೆಗೆ ಬೇರೆಬೇರೆ ಗುರುತು ಹಾಕುತ್ತಾರೆ: ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ನೇಯ್ಗೆಯ ಗುರುತಿದ್ದರೆ ಬಟ್ಟೆ, ಬರಿಯ ವಜ್ರಾಕೃತಿ ಇದ್ದರೆ ರಬ್ಬರು, ಪ್ಲಾಸ್ಟಿಕ್ಕಿನಂಥ ಬೇರೆ ವಸ್ತು. ಅಂಥ ಚೀಟಿ ಇದ್ದರೆ ಮೂರನ್ನೂ ಓದಿ ನೋಡಿ. ಇಲ್ಲದಿದ್ದರೆ ಮೂರನ್ನೂ ಬಿಡಿಬಿಡಿಯಾಗಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವ್ಯಾಪಾರದ ಮನೆಯವರಿಗೆ ಇದನ್ನು ಹೇಳಿಕೊಡಬೇಕೆ?

ಕೃತಕ ಬೂಟಿಗೆ ತನ್ನದೇ ಒಂದು ದೋಷವೂ ಇದೆ. ಪಾಲಿಯುರೆಥೇನ್ ಅಟ್ಟೆ ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಕೆಲ ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಆದ್ದರಿಂದ ಹಳೆಯ ದಾಸ್ತಾನನ್ನು ಅಗ್ಗವೆಂದು ತರಬೇಡಿ. ಕೊಳ್ಳುವ ಮುಂಚೆ ಅಟ್ಟೆಯನ್ನು ಬಗ್ಗಿಸಿ ಬಿರುಕು ನೋಡಿ. ಒದ್ದೆಯಾದರೆ ನೆರಳಿನಲ್ಲೇ ಒಣಗಿಸಿ. ಮೊಣಕಾಲವರೆಗಿನ ದಪ್ಪ ಹತ್ತಿಯ ಕಾಲುಚೀಲ ಹಾಕಿದರೆ ಮೀನಖಂಡ ಉಜ್ಜಿ ಸುಲಿಯುವುದಿಲ್ಲ.

ಬೂಟು ಸರಿಯಿದ್ದರೂ ರಿಕಾಬು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಬೂಟಿನ ಅತಿ ಅಗಲವಾದ ಭಾಗದ ಎರಡೂ ಬದಿಗೆ ಸುಮಾರು ಅರ್ಧ ಇಂಚು ಜಾಗ ಉಳಿಯಬೇಕು. ಬಿಗಿಯಾದರೆ ಕಾಲು ಸಿಕ್ಕಿಕೊಳ್ಳುತ್ತದೆ, ಅಗಲವಾದರೆ ಮಗುವಿನ ಪಾದ ಪೂರ್ತಿ ತೂರುತ್ತದೆ. ಗಿರಿಧಾಮಗಳಲ್ಲಿ ಮಗುವಿನ ಕಾಲು ರಿಕಾಬಿಗೆ ಎಟುಕದಿದ್ದಾಗ ಮೇಲಿನ ಪಟ್ಟಿಯ ಸಂದಿನಲ್ಲಿ ಪಾದ ಸಿಕ್ಕಿಸುವುದುಂಟು. ಇದನ್ನು ಖಂಡಿತ ಬೇಡವೆನ್ನಿ. ಕುದುರೆಯವನು ಮುನಿಸಿಕೊಂಡರೂ ಚಿಂತೆಯಿಲ್ಲ, ಪಟ್ಟಿ ಗಿಡ್ಡ ಮಾಡಿಸಿ. ಆಗದಿದ್ದರೆ ಬೇರೆ ಕುದುರೆ ನೋಡಿ. ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವವರ ಕಾಲಲ್ಲೂ ಚಪ್ಪಲಿ ಬೇಡ. ನಾಲ್ಕೈದು ಕ್ವಿಂಟಾಲು ತೂಗುವ ಪ್ರಾಣಿಗೆ ನಮ್ಮ ಕಾಲ್ಬೆರಳು ಎಲ್ಲಿದೆಯೆಂದು ಗೊತ್ತಿರುವುದಿಲ್ಲ.

ಮದುಮಗನ ಮೋಜಡಿಯ ಮಾತು ಉಳಿಯಿತು. ಹೀಲಿಲ್ಲ, ಹಿಡಿತವಿಲ್ಲ, ತುದಿ ಬೇರೆ ಮೇಲಕ್ಕೆ ಬಾಗಿರುತ್ತದೆ. ಸುತ್ತ ಬ್ಯಾಂಡು, ಪಟಾಕಿ. ಕುದುರೆ ಬೆದರಲು ಇನ್ನೇನು ಬೇಕು? ಮೆರವಣಿಗೆಗೆ ಹೀಲಿರುವ ಬೂಟು ಹಾಕಿಸಿ, ಮೋಜಡಿಯನ್ನು ತಮ್ಮನ ಕೈಗೆ ಕೊಟ್ಟಿರಿ. ಮಂಟಪದ ಬಾಗಿಲಲ್ಲಿ, ಎರಡೂ ಪಾದ ರಿಕಾಬಿನಿಂದ ಬಿಡಿಸಿಕೊಂಡು ಇಳಿದ ಮೇಲೆ, ಬದಲಾಯಿಸಲು ಎರಡು ನಿಮಿಷ ಸಾಕು.