ಮುಂಚಕ್ರದ ಬೇರಿಂಗ್ ಹೊಂದಾಣಿಕೆ (ಹಳೆಯ ನಾಲ್ಕು ಚಕ್ರ ಚಾಲನೆಯ ವಾಹನಗಳು)

ಮುಂಚಕ್ರದ ಬೇರಿಂಗ್ ಹೊಂದಾಣಿಕೆ ಎಂಬುದು ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಹಳೆಯ ಮಾದರಿಯ ವಾಹನಗಳಲ್ಲಿ ಮುಂದಿನ ಚಕ್ರದ ಬೇರಿಂಗುಗಳನ್ನು ಅತಿ ಸಡಿಲವೂ ಅತಿ ಬಿಗಿಯೂ ಆಗದಂತೆ ಕೂರಿಸುವ ನಿರ್ವಹಣಾ ಕಾರ್ಯವಾಗಿದೆ. ಎರಡನೆಯ ಮಹಾಯುದ್ಧ ಕಾಲದ ವಿಲ್ಲೀಸ್ ಜೀಪು, ಅದರ ವಂಶಕ್ಕೆ ಸೇರಿದ ಮಹೀಂದ್ರ ಜೀಪುಗಳು, ಟೊಯೋಟ ಲ್ಯಾಂಡ್ ಕ್ರೂಸರ್‌ನ 60 ಮತ್ತು 80ನೆಯ ಸರಣಿಗಳು ಈ ಗುಂಪಿಗೆ ಸೇರುತ್ತವೆ. ಇಂದಿನ ಬಹುಪಾಲು ಕಾರುಗಳಲ್ಲಿ ಮುಚ್ಚಿದ ಬೇರಿಂಗ್ ಘಟಕಗಳಿದ್ದು, ಅವುಗಳಿಗೆ ಇಂಥ ಹೊಂದಾಣಿಕೆ ಬೇಕಾಗುವುದಿಲ್ಲ.

ರಚನೆ

ಈ ವಾಹನಗಳ ಮುಂದಿನ ಆಕ್ಸಲ್‌ನ ತುದಿಯಲ್ಲಿ ಸ್ಪಿಂಡಲ್ ಎಂಬ ಟೊಳ್ಳು ಕೊಳವೆಯಿರುತ್ತದೆ. ವಾಹನದ ಭಾರವನ್ನು ಹೊರುವುದು ಇದೇ. ಇದರೊಳಗಿನಿಂದ ಹಾದುಬರುವ ಆಕ್ಸಲ್ ದಂಡವು ಚಕ್ರವನ್ನು ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಚಕ್ರದ ಹಬ್ ಒಂದಕ್ಕೊಂದು ಎದುರುಮುಖವಾಗಿ ಕೂರಿಸಿದ ಎರಡು ಟೇಪರ್ ರೋಲರ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಬೇರಿಂಗಿನ ಹೊರ ಉಂಗುರ (ಕಪ್) ಹಬ್ಬಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ರೋಲರುಗಳಿರುವ ಒಳಭಾಗ (ಕೋನ್) ಸ್ಪಿಂಡಲ್ ಮೇಲೆ ಜಾರುವಂತಿರುತ್ತದೆ. ಸ್ಪಿಂಡಲ್ ತುದಿಯ ಒಳನಟ್ಟನ್ನು ತಿರುಗಿಸಿದಂತೆ ಕೋನ್ ಒಳಕ್ಕೆ ಸರಿದು ಎಡೆ ಕಡಿಮೆಯಾಗುತ್ತದೆ. ಅದರ ಹೊರಗೆ ಲಾಕ್ ವಾಷರ್, ಬಳಿಕ ಲಾಕ್ ನಟ್ ಇರುತ್ತವೆ.

ಹೊಂದಾಣಿಕೆಯ ಅಗತ್ಯ

ಬೇರಿಂಗ್ ಸಡಿಲವಾಗಿದ್ದರೆ ಭಾರವು ಕೆಲವೇ ರೋಲರುಗಳ ಮೇಲೆ ಬೀಳುತ್ತದೆ. ಚಕ್ರ ಅಲುಗಾಡಿ ಸ್ಟಿಯರಿಂಗ್ ನಡುಗುತ್ತದೆ, ಆಯಿಲ್ ಸೀಲ್ ಸವೆಯುತ್ತದೆ, ಸ್ಪಿಂಡಲ್‌ಗೂ ಹಾನಿಯಾಗುತ್ತದೆ. ಅತಿ ಬಿಗಿಯಾಗಿದ್ದರೆ ಘರ್ಷಣೆಯಿಂದ ಹಬ್ ಕಾಯುತ್ತದೆ, ಗ್ರೀಸ್ ಕರಗಿ ಹರಿದುಹೋಗುತ್ತದೆ. ಒಣಗಿದ ಬೇರಿಂಗ್ ಓಡುತ್ತಿರುವಾಗಲೇ ಸ್ಪಿಂಡಲ್‌ಗೆ ಕಚ್ಚಿಕೊಳ್ಳಬಹುದು. ಬಿಗಿಯಾದಷ್ಟೂ ಒಳ್ಳೆಯದೆಂಬ ಭಾವನೆ ಇಲ್ಲಿ ಅಪಾಯಕಾರಿ.

ದೋಷವನ್ನು ಗುರುತಿಸುವುದು

ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗವನ್ನು ಜ್ಯಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿದಾಗ ಆಟ ಕಂಡುಬಂದರೆ, ಅದು ಚಕ್ರದ ಬೇರಿಂಗಿನದೇ ಎಂದು ಹೇಳಲಾಗದು. ಚಕ್ರವು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗುಗಳು ಸವೆದಿದ್ದರೂ ಅಂಥದೇ ಆಟ ಕಾಣುತ್ತದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗಿನಲ್ಲಿರುವ ಸಾಧ್ಯತೆ ಹೆಚ್ಚು. ಚಕ್ರ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗನ್ನೇ ಬದಲಿಸಬೇಕಾಗುತ್ತದೆ.

ಬಿಚ್ಚುವಿಕೆ ಮತ್ತು ಪರಿಶೀಲನೆ

ಚಕ್ರವನ್ನು ತೆಗೆದ ಬಳಿಕ ಬ್ರೇಕ್ ಹಬ್ಬನ್ನು ಹಿಡಿಯದಂತೆ ಮಾಡಬೇಕು. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್ ಬಿಚ್ಚಿ, ರಬ್ಬರ್ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಿಂದ ತೂಗುಹಾಕಲಾಗುತ್ತದೆ. ಆಮೇಲೆ ಹೊರಗಿನ ಫ್ಲಾಂಜ್ ಅಥವಾ ಫ್ರೀ ವೀಲಿಂಗ್ ಹಬ್, ಲಾಕ್ ನಟ್ ಮತ್ತು ವಾಷರ್‌ಗಳನ್ನು ತೆಗೆಯಲಾಗುತ್ತದೆ. ನಟ್ಟಿಗೆ ಸರಿಯಾದ ಅಳತೆಯ ಬಾಕ್ಸ್ ಸ್ಪ್ಯಾನರ್ ಬೇಕು (ಲ್ಯಾಂಡ್ ಕ್ರೂಸರ್‌ಗೆ 54 ಮಿ.ಮೀ.); ಉಳಿ ಸುತ್ತಿಗೆಗಳಿಂದ ಬಡಿದರೆ ನಟ್ಟಿನ ಅಂಚು ಹಾಳಾಗಿ, ಲೋಹದ ಚೂರುಗಳು ಬೇರಿಂಗಿನೊಳಗೆ ಸೇರುತ್ತವೆ.

ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ನೋಡಬೇಕು. ಗುಳಿ, ಗೀರು ಅಥವಾ ಕಾದು ನೀಲಿಯಾದ ಗುರುತು ಇದ್ದರೆ ಕೋನ್ ಮತ್ತು ಕಪ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಗ್ರೀಸಿನಲ್ಲಿ ನೀರು ಬೆರೆತು ಬಿಳಿಚಿಕೊಂಡಿದ್ದರೆ, ಅಥವಾ ಒಳಗಿನಿಂದ ಗೇರ್ ಎಣ್ಣೆ ಸೋರಿ ಬಂದಿದ್ದರೆ ಸೀಲುಗಳನ್ನೂ ಹೊಸದಾಗಿ ಹಾಕಬೇಕು. ಹೊಸ ಗ್ರೀಸನ್ನು ರೋಲರುಗಳ ನಡುವೆ ಪೂರ್ತಿ ಸೇರುವಂತೆ ಒತ್ತಿ ತುಂಬಬೇಕು; ಮೇಲೆ ಸವರಿದರೆ ಸಾಲದು.

ಹೊಂದಾಣಿಕೆಯ ವಿಧಾನ

ಒಳನಟ್ಟನ್ನು ಬಿಗಿಯುವಾಗ ಹಬ್ಬನ್ನು ಎರಡೂ ದಿಕ್ಕುಗಳಲ್ಲಿ ತಿರುಗಿಸುತ್ತಿರಬೇಕು. ಹಾಗೆ ಮಾಡದಿದ್ದರೆ ರೋಲರುಗಳು ತಮ್ಮ ಸ್ಥಾನದಲ್ಲಿ ಕೂರುವುದಿಲ್ಲ. ಆಗ ಸರಿಯೆಂದು ಕಂಡ ಬಿಗಿ ಸ್ವಲ್ಪ ದೂರ ಓಡಿಸಿದ ಮೇಲೆ ಸಡಿಲವಾಗುತ್ತದೆ.

ಹಳೆಯ ಜೀಪುಗಳಲ್ಲಿ ಚಕ್ರ ತುಸು ಬಿಗಿಹಿಡಿಯುವವರೆಗೆ ನಟ್ಟನ್ನು ತಿರುಗಿಸಿ, ಬಳಿಕ ಸುಮಾರು ಆರನೆಯ ಒಂದು ಸುತ್ತು ಹಿಂದಕ್ಕೆ ಬಿಡಲಾಗುತ್ತದೆ. ಚಕ್ರ ಸರಾಗವಾಗಿ ತಿರುಗಬೇಕು, ಆದರೆ ಅಲುಗಬಾರದು. ಲ್ಯಾಂಡ್ ಕ್ರೂಸರ್‌ನಲ್ಲಿ ಮೊದಲು ಸುಮಾರು 60 ನ್ಯೂಟನ್ ಮೀಟರ್ ಬಲದಿಂದ ಬಿಗಿದು, ಹಬ್ಬನ್ನು ತಿರುಗಿಸಿ, ನಟ್ಟನ್ನು ಕೈಯಲ್ಲಿ ತಿರುಗುವಷ್ಟು ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿಯಲಾಗುತ್ತದೆ. ಚಕ್ರದ ಬೋಲ್ಟಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಲಾಗಿ ಎಳೆದಾಗ, ಸುಮಾರು 3ರಿಂದ 5.5 ಕಿಲೋಗ್ರಾಂ ಸೆಳೆತಕ್ಕೆ ಹಬ್ ತಿರುಗಲಾರಂಭಿಸಬೇಕು. ಬ್ರೇಕ್ ತಾಗುತ್ತಿದ್ದರೆ ಈ ಅಳತೆಗೆ ಅರ್ಥವಿರುವುದಿಲ್ಲ. ಆಯಾ ವಾಹನದ ಕೈಪಿಡಿಯ ಅಂಕಿಗಳೇ ಅಂತಿಮ.

ಲಾಕ್ ನಟ್ ಬಿಗಿದ ನಂತರದ ಪರೀಕ್ಷೆ

ಒಳನಟ್ಟಿನ ಮರೆಗಳಿಗೂ ಸ್ಪಿಂಡಲ್‌ನ ಮರೆಗಳಿಗೂ ನಡುವೆ ಅಲ್ಪ ಎಡೆಯಿರುತ್ತದೆ. ಲಾಕ್ ನಟ್ ಬಿಗಿದಾಗ ಆ ಎಡೆ ಮುಚ್ಚಿ ಒಳನಟ್ಟು ಬೇರಿಂಗಿನತ್ತ ಸರಿಯುವುದರಿಂದ ಬಿಗಿ ಹೆಚ್ಚುತ್ತದೆ. ಆದ್ದರಿಂದ ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ವ್ಯತ್ಯಾಸವಿದ್ದರೆ ಬಿಚ್ಚಿ, ಒಳನಟ್ಟನ್ನು ತುಸು ಸಡಿಲಿಸಿ ಪುನಃ ಜೋಡಿಸಬೇಕು. ಅಳತೆ ಸರಿಬಂದ ನಂತರವೇ ಲಾಕ್ ವಾಷರ್‌ನ ಅಂಚನ್ನು ನಟ್ಟುಗಳ ಮೇಲೆ ಮಡಿಸಬೇಕು. ಮಡಿಸಿ ಸವೆದ ವಾಷರ್ ಮುರಿದರೆ ನಟ್ಟುಗಳು ತಾವಾಗಿ ಸಡಿಲಗೊಳ್ಳಬಹುದು. ಆದಕಾರಣ ಹೊಸ ವಾಷರ್ ಬಳಸುವುದು ಕ್ಷೇಮ.

ಕೆಲವು ಕಿಲೋಮೀಟರ್ ಓಡಿಸಿದ ಬಳಿಕ ಹಬ್‌ಗಳ ಹತ್ತಿರ ಎಚ್ಚರದಿಂದ ಕೈಯೊಡ್ಡಿ ನೋಡಬೇಕು. ಸ್ವಲ್ಪ ಬೆಚ್ಚಗಿರುವುದು ಸಹಜ. ಬ್ರೇಕ್ ಹಿಡಿಯದಿದ್ದರೂ ಒಂದು ಹಬ್ ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಬೇರಿಂಗ್ ಅತಿ ಬಿಗಿಯಾಗಿರುವ ಸೂಚನೆ. ಹೊಳೆ ಹಳ್ಳಗಳಲ್ಲಿ ಹಬ್ ಮುಳುಗುವಷ್ಟು ನೀರು ದಾಟಿದ ವಾಹನಗಳಲ್ಲಿ ಬೇರಿಂಗುಗಳನ್ನು ಬೇಗನೆ ಬಿಚ್ಚಿ ಪರಿಶೀಲಿಸುವುದು ಅಗತ್ಯ.