ಓದಿದ್ದೂ ಉಳಿದದ್ದೂ

ಪರೀಕ್ಷೆಯಲ್ಲಿ ತೇರ್ಗಡೆಯಾದವರು ತಾವು ಹೇಗೆ ಓದಿದೆವೆಂದು ಹೇಳಿಕೊಳ್ಳುವುದುಂಟು. ನಪಾಸಾದವರು ಹೇಗೆ ಓದಿದೆವೆಂದು ಹೇಳುವುದು ಅಪರೂಪ. ನಾನು ಎರಡನೆಯ ಗುಂಪಿನಿಂದ ಹೊರಟು ಮೊದಲನೆಯದಕ್ಕೆ ಬಂದು ಸೇರಿದವನು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತನಾಡುವ ಹಕ್ಕು ನನಗುಂಟೆಂದು ಭಾವಿಸಿದ್ದೇನೆ.

1985ರಲ್ಲಿ ನಾನು ಬಿ.ಎ. ತರಗತಿಗೆ ಸೇರಿದೆ. ಬಸವೇಶ್ವರನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ತಂದೆಯವರು ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದರು. ಅಲ್ಲಿಯವರೆಗೆ ಕನ್ನಡದಲ್ಲಿಯೇ ಓದಿ ಬಂದಿದ್ದ ನನಗೆ ಅರ್ಥಶಾಸ್ತ್ರವು ಇಂಗ್ಲಿಷಿನಲ್ಲಿಯೂ, ಚರಿತ್ರೆಯು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿಯೂ, ಐಚ್ಛಿಕ ಕನ್ನಡವು ಹತ್ತನೆಯ ಶತಮಾನದ ಕನ್ನಡದಲ್ಲಿಯೂ ಎದುರಾದವು. ನಿಜ ಹೇಳುವುದಾದರೆ ಮೂರೂ ಪರಭಾಷೆಗಳೇ!

ಮೂರನ್ನೂ ನಾನು ಒಂದೇ ಬಗೆಯಾಗಿ ಓದಿದೆ. ಬೆಳಗಿನ ಜಾವ ಎದ್ದು, ತಾರಸಿಯ ಮೇಲೆ ಶತಪಥ ಹಾಕುತ್ತ, ಒಂದೊಂದು ಅಧ್ಯಾಯವನ್ನೂ ಮೂರು ಮೂರು ಸಲ. ಕೈಯಲ್ಲಿ ಕೆಂಪು ಪೆನ್ಸಿಲು. ವರ್ಷ ಮುಗಿಯುವ ವೇಳೆಗೆ ಪುಸ್ತಕದಲ್ಲಿ ಗೆರೆಯಿಲ್ಲದ ಸಾಲೇ ಮುಖ್ಯವಾದದ್ದೇನೋ ಎಂಬಂತೆ ಕಾಣುತ್ತಿತ್ತು. ಇಂಗ್ಲಿಷ್ ಪುಟದ ಪ್ರತಿಯೊಂದು ಪದಕ್ಕೂ ನಿಘಂಟು ತೆರೆದು ಪುಟದ ತುದಿಗೆ ಬರುವಷ್ಟರಲ್ಲಿ ತಲೆಬರಹವೇ ಮರೆತಿರುತ್ತಿತ್ತು. ಅರ್ಥಶಾಸ್ತ್ರದಲ್ಲಿ ನಪಾಸಾದೆ.

ತಂದೆ ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು. ಊಟ ಮುಗಿಸಿ ಕೈ ತೊಳೆದು ಬಂದು, “ಅಕ್ಟೋಬರಿನಲ್ಲಿ ಇನ್ನೊಂದು ಪರೀಕ್ಷೆ ಇದೆಯಂತಲ್ಲ, ಬರಿ. ಅದೂ ಆಗದಿದ್ದರೆ ನಮ್ಮ ಫೋರ್‌ಮನ್ ಹತ್ತಿರ ಮಾತಾಡುತ್ತೇನೆ. ಕೈಕೆಲಸ ಕಲಿಯುವುದಕ್ಕೆ ನಾಚಿಕೆ ಏನಿಲ್ಲ,” ಎಂದರು. ನಾಚಿಕೆಯ ಮಾತು ಹಾಗಿರಲಿ. ನಾನು ಕಾಲೇಜು ಬಿಟ್ಟರೆ ಅವರಿಗೆ ಏನು ಅನ್ನಿಸುವುದೆಂಬುದು ಆ ತಗ್ಗಿದ ದನಿಯಲ್ಲಿಯೇ ತಿಳಿಯುತ್ತಿತ್ತು.

ಅವರು ಓದಿದ್ದು ನಾಲ್ಕನೆಯ ತರಗತಿ. ಒಂದು ಸಂಜೆ, “ಏನು ಓದುತ್ತೀಯೋ ಸ್ವಲ್ಪ ಹೇಳು ನೋಡೋಣ,” ಎಂದರು. ಆ ದಿನ ಓದಿದ್ದು ಬೇಡಿಕೆಯ ಸ್ಥಿತಿಸ್ಥಾಪಕತ್ವ. ಪುಸ್ತಕ ಮುಚ್ಚಿ ಬಾಯಿ ತೆರೆದೆ; ಇಂಗ್ಲಿಷಿನ ವ್ಯಾಖ್ಯೆಯ ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಬಂದ ಸಾಲಿಗಾದರೂ ಕನ್ನಡದಲ್ಲಿ ಅರ್ಥ ಹೇಳಲಾಗಲಿಲ್ಲ. ತಡವರಿಸಿ, ಬೆಲೆ ಏರಿದರೆ ಜನ ಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ ಎಂದೆ. “ಉಪ್ಪಿನ ಬೆಲೆ ಏರಿದರೆ ನಿಮ್ಮಮ್ಮ ಸಾರಿಗೆ ಉಪ್ಪು ಹಾಕುವುದನ್ನು ಬಿಡುತ್ತಾಳೆಯೆ?” ಎಂದು ಕೇಳಿದರು. ಪುಸ್ತಕದಲ್ಲಿಯೂ ಉಪ್ಪಿನ ಉದಾಹರಣೆ ಇದ್ದಿತು. ಅದರ ಕೆಳಗೆ ನನ್ನ ಕೆಂಪು ಗೆರೆಯೂ ಇದ್ದಿತು. ಅದು ಏಕೆ ಅಲ್ಲಿದೆಯೆಂಬುದು ಹೊಳೆದದ್ದು ಮಾತ್ರ ಆಗ.

ಅಂದಿನಿಂದ ಕ್ರಮ ಬದಲಾಯಿತು. ಒಂದು ಪ್ರಕರಣ ಓದುವುದು, ಪುಸ್ತಕ ಮುಚ್ಚುವುದು, ತಂದೆಗೆ ಹೇಳುವಂತೆ ಕನ್ನಡದಲ್ಲಿ ಹೇಳಿಕೊಳ್ಳುವುದು, ಅನಂತರ ಬರೆಯುವುದು. ಮಾತು ಎಲ್ಲಿ ತಡೆಯುವುದೋ ಅಲ್ಲಿ ನನಗೆ ತಿಳಿದಿಲ್ಲವೆಂದು ಅರ್ಥ. ಪುಸ್ತಕವನ್ನು ಮತ್ತೆ ತೆರೆಯುವುದು ಆ ಸ್ಥಳಕ್ಕಾಗಿ ಮಾತ್ರ. ನಿಘಂಟನ್ನು ನೋಡುವುದು, ಆ ಪದವಿಲ್ಲದೆ ವಾಕ್ಯವೇ ನಡೆಯದು ಎನ್ನುವಾಗ ಮಾತ್ರ.

ಆದರೆ ಈ ಮಂತ್ರ ಪಂಪನ ಮುಂದೆ ನಡೆಯಲಿಲ್ಲ. ‘ವಿಕ್ರಮಾರ್ಜುನವಿಜಯ’ದ ಪದ್ಯವೊಂದರ ಸಾರಾಂಶವನ್ನು ಹೇಳಿಬಿಟ್ಟರೆ ಪದ್ಯವೇ ಕೈಬಿಟ್ಟುಹೋಗುತ್ತದೆ. ಅಲ್ಲಿ ಹಿರಿಯರ ಹಾದಿಯೇ ಸರಿ: ಮೊದಲು ಗಟ್ಟಿಯಾಗಿ ಓದುವುದು, ಸಂಧಿ ಬಿಡಿಸಿ ಪದಗಳನ್ನು ಬೇರ್ಪಡಿಸುವುದು, ಕ್ರಿಯಾಪದವನ್ನು ಹುಡುಕಿ ಕರ್ತೃವಿನೊಡನೆ ಅನ್ವಯಿಸುವುದು. ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಗ್ರಂಥಾಲಯದಲ್ಲಿತ್ತು. ಮೊದಲೇ ಅದನ್ನು ತೆರೆದ ದಿನ ಎಲ್ಲವೂ ತಿಳಿದಂತಾಗಿ ಮರುದಿನ ಏನೂ ಉಳಿಯುತ್ತಿರಲಿಲ್ಲ; ಅರ್ಧ ಗಂಟೆ ಸ್ವತಃ ಹೆಣಗಾಡಿ ಆಮೇಲೆ ತೆರೆದರೆ ಆಚಾರ್ಯರು ಎದುರಿಗೇ ಕುಳಿತು ತಿದ್ದಿದಂತಾಗುತ್ತಿತ್ತು. ಚರಿತ್ರೆಯ ಪಾಡು ಇಷ್ಟಿಲ್ಲ: ತಲೆಬರಹವನ್ನು ಪ್ರಶ್ನೆಯಾಗಿ ತಿರುಗಿಸಿ, ಉತ್ತರ ಸಿಕ್ಕುವವರೆಗೆ ಓದಿದರೆ ಸಾಕಾಗಿತ್ತು.

ಅಕ್ಟೋಬರಿನಲ್ಲಿ ಅರ್ಥಶಾಸ್ತ್ರಕ್ಕೆ 52 ಅಂಕಗಳು ಬಂದವು. ಫೋರ್‌ಮನ್ನರ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ನಾನೇ ಕಂಡುಹಿಡಿದೆನೆಂದು ಬಹುಕಾಲ ಬೀಗುತ್ತಿದ್ದ ಈ ಉಪಾಯವನ್ನು ಅಮೆರಿಕದ ಫ್ರಾನ್ಸಿಸ್ ರಾಬಿನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿಯೇ ಪುಸ್ತಕವಾಗಿ ಬರೆದಿದ್ದರು: ಮೊದಲು ಅಧ್ಯಾಯದ ಮೇಲೆ ಕಣ್ಣಾಡಿಸು, ಪ್ರಶ್ನೆ ಕೇಳಿಕೊ, ಓದು, ನೋಡದೆ ಹೇಳು, ಮತ್ತೆ ಪರಿಶೀಲಿಸು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಐದು ನಿಮಿಷದ ಅನಂತರ ಕೇಳಿದಾಗ, ಪಾಠವನ್ನು ಮತ್ತೊಮ್ಮೆ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರ ಅವರಲ್ಲಿ ಉಳಿದದ್ದು ನೂರಕ್ಕೆ 42ರಷ್ಟು. ಓದಿದ್ದನ್ನು ನೋಡದೆ ನೆನೆದು ಬರೆದವರಲ್ಲಿ 56ರಷ್ಟು. ತಾರಸಿಯ ಮೇಲೆ ನನ್ನನ್ನು ಮೋಸಗೊಳಿಸಿದ್ದು ಆ ಐದು ನಿಮಿಷದ ಜ್ಞಾಪಕವೇ.

ನಮ್ಮ ಬಡಾವಣೆಯ ಸಿದ್ಧಯ್ಯ ಪುರಾಣಿಕ ರಸ್ತೆಯಲ್ಲಿ ನಡೆಯುವಾಗ ಒಮ್ಮೊಮ್ಮೆ ಯೋಚಿಸುತ್ತೇನೆ. ಆ ಕವಿ ಓದಿದ್ದು ಹೈದರಾಬಾದಿನ ಉಸ್ಮಾನಿಯಾದಲ್ಲಿ, ಬೋಧನೆಯೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ. ಮನೆಯ ಮಾತೊಂದು, ಪಾಠದ ಮಾತೊಂದು ಆದಾಗ ಅವರು ಯಾವ ಉಪಾಯ ಹೂಡಿದರೋ!

ಕಳೆದ ವಾರ ಪಕ್ಕದ ಮನೆಯ ಹುಡುಗಿ ತನ್ನ ಪಾಠವನ್ನು ಮೊಬೈಲಿನಲ್ಲಿ ತೋರಿಸಿದಳು. ಹಳದಿ, ಹಸಿರು, ಗುಲಾಬಿ. ನನ್ನ ಕೆಂಪು ಪೆನ್ಸಿಲಿಗೆ ಮೂವರು ಮೊಮ್ಮಕ್ಕಳು. “ಅದನ್ನು ಮುಚ್ಚಿಟ್ಟು ನನಗೆ ಹೇಳಮ್ಮ,” ಎಂದೆ. ಚೆನ್ನಾಗಿಯೇ ಆರಂಭಿಸಿದಳು. ನಾಲ್ಕನೆಯ ವಾಕ್ಯಕ್ಕೆ ನಿಂತಳು.

“ಒಂದು ನಿಮಿಷ ಸಾರ್, ಇಲ್ಲಿ ನನಗೇ ಗೊತ್ತಿಲ್ಲ,” ಎಂದು, ಆ ಒಂದು ಪುಟವನ್ನು ಹುಡುಕತೊಡಗಿದಳು.